ಪಂಚಮಿಗೆ ಪೆನ್ಸಿಲ್ ಹೆರೆಯಬಾರದು

ಮೊನ್ನೆ ನಮ್ಮ ಸೊಸೆ ಅಡುಗೆಮನೆಯ ಮೇಲಿನ ಫಳಿ ಒರೆಸಲು ಸ್ಟೂಲು ಹತ್ತಿದ್ದಳು. ನಾನು ಕೆಳಗೆ ಕುಳಿತು, ಅವಳು ಇಳಿಸಿ ಕೊಟ್ಟದ್ದಕ್ಕೆಲ್ಲ ಇದು ಇರಲಿ, ಇದು ಹೋಗಲಿ ಎಂದು ತೀರ್ಪು ಹೇಳುತ್ತಿದ್ದೆ. ಹೋಗಲಿ ಎಂದದ್ದು ಸುಳ್ಳು, ಎಲ್ಲವೂ ಇರಲಿ ಎಂದೇ ಹೇಳುತ್ತಿದ್ದೆ. ಮುಚ್ಚಳವಿಲ್ಲದ ಡಬ್ಬಿ, ಹಿಡಿಕೆ ಮುರಿದ ಸೌಟು, ಯಾರ ಮದುವೆಯಲ್ಲಿ ಬಂದದ್ದೋ ತಿಳಿಯದ ಹಿತ್ತಾಳೆಯ ಬಟ್ಟಲು, ಎಲ್ಲಕ್ಕೂ ಒಂದೊಂದು ಕತೆ ಇದ್ದೇ ಇರುತ್ತದೆ. ಕಡೆಗೆ ಒಂದು ಬಸಿ ಬಂತು. ಅದರ ಜೋಡಿಯ ಕಪ್ಪು ಎಂದೋ ಒಡೆದು ಹೋಗಿ ಒಂಟಿಯಾಗಿ ಉಳಿದದ್ದು. ಅಂಚಿನಲ್ಲಿ ಚಕ್ಕೆ ಹಾರಿದೆ. ಕಪ್ಪು ಕೂರುವ ತಗ್ಗಿನ ಸುತ್ತ ನೀಲಿಯದೊಂದು ಬಳೆ, ಅದರ ಪಕ್ಕಕ್ಕೆ ಇಟ್ಟಂಗಿ ಬಣ್ಣದ ಒಂದು ಕಲೆ.

"ಇದನ್ನಂತೂ ಒಗೀಲೇನ್ರಿ ಅತ್ತಿ? ಎಷ್ಟು ತಿಕ್ಕಿದ್ರೂ ಈ ನೀಲಿ ಕಲಿ ಹೋಗವಲ್ದು," ಎಂದಳು ಸೊಸೆ.

"ಅದು ಕಲಿ ಅಲ್ಲವ್ವಾ, ತಿಕೋಟಾದ ಮೋಡ," ಎಂದೆ.

ಅವಳು ಸ್ಟೂಲಿನ ಮೇಲಿಂದಲೇ ನನ್ನನ್ನು ನೋಡಿದಳು. ಅತ್ತೆಗೆ ಬೆಳಗಿನ ಗುಳಿಗೆ ಕೊಟ್ಟೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುವವರ ನೋಟ ಅದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವಳಂತೂ ಕೈಯಲ್ಲಿ ಒರೆಸುವ ಅರಿವೆ ಹಿಡಿದುಕೊಂಡೇ ಕೇಳಿದಳು. ನೀವು ಆರಾಮಾಗಿ ಕೂತು ಕೇಳಬಹುದು.

ನಾನು ಚಿತ್ರ ತೆಗೆಯಲು ಕಲಿತದ್ದು ನಮ್ಮಪ್ಪನಿಂದ. ಆಗಿನ್ನೂ ಎಲ್ಲರ ಬಾಯಲ್ಲೂ ನಮ್ಮ ಊರು ವಿಜಾಪುರವೇ. ಅಪ್ಪ ಅಲ್ಲಿಯ ಕಚೇರಿಯೊಂದರಲ್ಲಿ ಕಾರಕೂನ. ದಿನವಿಡೀ ಕಾಗದದ ಮೇಲೆ ಪಟ್ಟಿಯಿಟ್ಟು ಗೆರೆ ಎಳೆಯುವುದು, ಗೆರೆಯ ಮೇಲೆ ಅಕ್ಷರ ಕೂರಿಸುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಗೆರೆ ಬಿಡುತ್ತಿರಲಿಲ್ಲ. ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ದೇವರ ಮೇಲೆ ಸಣ್ಣ ಚೌಕಳಿ ಹಾಕುತ್ತಿದ್ದ, ಬಿಳಿಯ ಕಾಗದದ ಮೇಲೆ ದೊಡ್ಡ ಚೌಕಳಿ ಹಾಕುತ್ತಿದ್ದ. ಆಮೇಲೆ ಸಣ್ಣ ಚೌಕದಲ್ಲಿ ಇದ್ದದ್ದನ್ನು ದೊಡ್ಡ ಚೌಕಕ್ಕೆ ಸಾಗಿಸುವುದು. ಈ ಮನೆಯ ಸಾಮಾನು ಆ ಮನೆಗೆ ಒಯ್ದ ಹಾಗೆ. ಇವತ್ತು ಕೃಷ್ಣನ ಕಿವಿ, ನಾಳೆ ಕೊಳಲಿನ ಅರ್ಧ, ನಾಡಿದ್ದು ಆಕಳಿನ ಕೊಂಬು. ಹೀಗೆ ತಿಂಗಳಾನುಗಟ್ಟಲೆ ಸಾಗಿಸಿ ಸಾಗಿಸಿ ಕಡೆಗೊಂದು ದಿನ ಕೃಷ್ಣ ಪೂರ್ತಿ ಬಂದು ಇಳಿಯುತ್ತಿದ್ದ.

ನಾನೂ ಹಾಗೇ ಕಲಿತೆ. ಅಪ್ಪನದೊಂದು ರಬ್ಬರಿತ್ತು. ಅದನ್ನು ಅಡಕೆಯ ಡಬ್ಬಿಯಲ್ಲಿ ಅರಿವೆ ಸುತ್ತಿ ಇಡುತ್ತಿದ್ದ. ನನ್ನ ಕೈಯಲ್ಲಿ ಪೆನ್ಸಿಲ್ಲಿಗಿಂತ ರಬ್ಬರೇ ಹೆಚ್ಚು ಓಡಾಡುತ್ತಿತ್ತು. ಒಮ್ಮೆ ಕೃಷ್ಣನ ಮೂಗನ್ನು ಎಷ್ಟು ಸಲ ಅಳಿಸಿದೆನೆಂದರೆ ಕಾಗದವೇ ತೂತಾಯಿತು. ಹಿಂದಿನಿಂದ ಗೋಂದು ಹಚ್ಚಿ ತೇಪೆ ಹಾಕಿ, ತೇಪೆಯ ಮೇಲೆ ಮೂಗು ತೆಗೆದೆ. ಆ ಕೃಷ್ಣನನ್ನು ಬೆಳಕಿಗೆ ಹಿಡಿದರೆ ನೆಗಡಿಯಾದವನ ಹಾಗೆ ಮೂಗೊಂದೇ ಕಪ್ಪಾಗಿ ಕಾಣುತ್ತಿದ್ದ.

ಬಣ್ಣದ ಕತೆ ಇನ್ನೂ ಬೇರೆ. ನೀರಿನ ಬಣ್ಣ ಎಂದ ಮೇಲೆ ನೀರು ಬೇಕಲ್ಲ. ಭೂತನಾಳದ ಕೆರೆಯ ನೀರು ನಳದಲ್ಲಿ ಬರುವ ಹೊತ್ತಿಗೆ ಓಣಿಯ ಕೊಡಗಳೆಲ್ಲ ಸಾಲು ಹಿಡಿದು ಕೂತಿರುತ್ತಿದ್ದವು. ಆ ನೀರಿನಲ್ಲಿ ಕುಂಚ ಅದ್ದುತ್ತೇನೆ ಎಂದರೆ ಅವ್ವ ಸುಮ್ಮನಿದ್ದಾಳೆಯೇ? "ಕುಡಿಯು ನೀರು ನಿನ್ನ ರಾಮಗ ಯಾಕಬೇ? ಅವಗ ಬಾವಿ ನೀರು ಸಾಕು," ಎಂದು ಹಿತ್ತಲ ಬಾವಿಯ ಸವುಳು ನೀರು ಕೊಡುತ್ತಿದ್ದಳು. ಸವುಳು ನೀರಿನಲ್ಲಿ ಕಲಸಿದ ಬಣ್ಣ ಒಣಗಿದ ಮೇಲೆ ಮೇಲೊಂದು ಬಿಳಿಯ ಪುಡಿ ಕಟ್ಟುತ್ತದೆ. ನಮ್ಮ ರಾಮ ಮೈತುಂಬ ವಿಭೂತಿ ಬಡಿದುಕೊಂಡು ನಿಂತ. ಅಪ್ಪ ನೋಡಿ, "ಇರಲಿ ಬಿಡು, ರಾಮನೂ ಶಿವಪೂಜಿ ಮಾಡಿದಾವನ," ಎಂದು ಸಮಾಧಾನ ಹೇಳಿದ.

ಸಾಲೆಯಲ್ಲಿ ನಮಗೆ ಚಿತ್ರಕಲೆ ಕಲಿಸುತ್ತಿದ್ದವರು ಮುಲ್ಲಾ ಮಾಸ್ತರರು. ತೆಳ್ಳಗೆ, ಎತ್ತರಕ್ಕೆ ಇದ್ದ ಮನುಷ್ಯ. ಅಂಗಿಯ ಕಿಸೆಯಲ್ಲಿ ಸದಾ ಕುಂಚ. ನನ್ನ ಹಿಂದೆ ಬಂದು ನಿಂತು, ನನ್ನ ಚೌಕಳಿಗಳನ್ನು ನೋಡಿ, "ಏನವ್ವಾ ಶಾಂತಾ, ಚಿತ್ರಾ ತಗ್ಯಾಕತ್ತಿಯೋ, ಹೊಲಾ ಅಳ್ಯಾಕತ್ತಿಯೋ?" ಎನ್ನುತ್ತಿದ್ದರು. ಒಂದು ಸಲ ನನ್ನೆದುರಿಗೇ ಕಾಗದವನ್ನು ಹಸಿ ಅರಿವೆಯಿಂದ ಒರೆಸಿ, ಕುಂಚದ ತುದಿಯಿಂದ ಒಂದು ಹನಿ ಬಣ್ಣ ಬಿಟ್ಟರು. ಅದು ತನ್ನಷ್ಟಕ್ಕೆ ತಾನೇ ಹರಡುತ್ತಾ ಹೋಯಿತು. ನನಗೆ ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡಿದ ಹಾಗಾಗಿ, ಅರಿವೆ ತಗೊಂಡು ಒರೆಸಲು ಕೈ ಚಾಚಿದೆ. ಮಾಸ್ತರರು ನನ್ನ ಕೈ ತಡೆದು ನಕ್ಕರು. "ಎಲ್ಲಿ ಹೋಗತೈತಿ ನೋಡೂಣು ತಡಿ," ಎಂದರು. ನನಗೆ ನೋಡುವ ಧೈರ್ಯವಿರಲಿಲ್ಲ. ಮೊದಲೇ ಗೆರೆ ಹಾಕದ ಕಡೆಗೆ ಬಣ್ಣ ಹೋಗುವುದೆಂದರೆ ಹೆಣ್ಣುಮಕ್ಕಳು ಹೇಳದೆ ಕೇಳದೆ ಊರು ಬಿಟ್ಟು ಹೋದ ಹಾಗೆ ಎಂದು ತಿಳಿದವಳು ನಾನು.

ಆದರೂ ಸರ್ಕಾರದ ಚಿತ್ರಕಲೆಯ ಪರೀಕ್ಷೆಗಳಲ್ಲಿ ಪಾಸಾದೆ. ಪಟ್ಟಿ, ಕಂಪಾಸು ಹಿಡಿದು ಮಾಡುವ ಪತ್ರಿಕೆಗಳು ಕೈಹಿಡಿದವು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಪಾಸಾದ ಹುಡುಗಿಗೆ ಮುಂದಿನದೆಲ್ಲ ಗೊತ್ತೇ ಇರುತ್ತದಲ್ಲ, ವರ ನೋಡಲು ಬಂದರು. ಹುಡುಗನ ತಾಯಿ ನಮ್ಮ ಗೋಡೆಯ ಮೇಲಿನ ದೇವರುಗಳನ್ನೆಲ್ಲ ಒಂದು ಸುತ್ತು ನೋಡಿ, ಇವೆಲ್ಲ ಯಾರು ಮಾಡಿದ್ದು ಎಂದು ಕೇಳಿದರು. ಅವ್ವ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. ಆ ತಾಯಿ ಚಹಾದ ಬಸಿ ಕೆಳಗಿಟ್ಟು, "ನಮ್ಮ ಮನ್ಯಾಗ ಗ್ವಾಡಿಗೆ ಸುಣ್ಣಾ ಹಚ್ಚತೀವ್ರಿ. ಚಿತ್ರಾ ಹಚ್ಚೂದಿಲ್ಲ," ಎಂದರು. ಬೈದು ಹೇಳಲಿಲ್ಲ, ತಮ್ಮ ಮನೆಯಲ್ಲಿ ಉಪ್ಪು ಕಡಿಮೆ ತಿನ್ನುತ್ತೇವೆ ಎಂದು ಹೇಳಿದಷ್ಟು ಸಹಜವಾಗಿ ಹೇಳಿದರು. ಹುಡುಗಿ ಒಪ್ಪಿಗೆ ಎಂದೂ ಹೇಳಿ ಹೋದರು. ಆದರೆ ಅವತ್ತಿನಿಂದ ನನಗೆ ಕಣ್ಣು ಮುಚ್ಚಿದರೆ ನಾಲ್ಕೂ ಕಡೆ ಬರೀ ಸುಣ್ಣದ ಗೋಡೆ ಕಾಣತೊಡಗಿತು.

ಅಷ್ಟರಲ್ಲಿ ಮುಲ್ಲಾ ಮಾಸ್ತರರು ಒಂದು ಸುದ್ದಿ ತಂದರು. ಬಬಲೇಶ್ವರದ ಹೆಣ್ಣುಮಕ್ಕಳ ಸಾಲೆಗೆ ಚಿತ್ರ ಕಲಿಸುವವರು ಬೇಕಾಗಿದ್ದಾರೆ. ಪಂಚಮಿಯ ಮರುದಿನ ಮುಂಜಾನೆ ಬಂದು ಸಾಲೆಯ ಕಮಿಟಿಯವರನ್ನು ಕಾಣಬೇಕು. ಅಪ್ಪನಿಗೆ ಎರಡೂ ಕಡೆ ಮನಸ್ಸು. ಕಡೆಗೆ ತನ್ನ ಕಚೇರಿಯ ರೀತಿಯಲ್ಲೇ ಒಂದು ಇತ್ಯರ್ಥ ಮಾಡಿದ. "ನೋಡವ್ವಾ, ಬಬಲೇಶ್ವರದವರು ಹೂಂ ಅಂದ್ರ ಸಾಲಿ. ಒಲ್ಲೆ ಅಂದ್ರ ದೀಪಾವಳಿಗೆ ನಾ ಆ ವರನ ಕಡ್ಯಾವರಿಗೆ ಮಾತು ಕೊಡಾವ. ಆಮ್ಯಾಲ ಅಳಬಾರದು." ನಾನು ಆಗಲಿ ಎಂದೆ. ಕೃಷ್ಣ, ರಾಮ, ಲಕ್ಷ್ಮಿ ಎಲ್ಲರನ್ನೂ ಸುರುಳಿ ಸುತ್ತಿ, ಧೈರ್ಯಕ್ಕೆ ಬಣ್ಣದ ಪೆಟ್ಟಿಗೆಯನ್ನೂ ಕಟ್ಟಿಕೊಂಡು, ಅವ್ವನ ಜೊತೆ ಪಂಚಮಿ ಹಬ್ಬಕ್ಕೆ ಅವಳ ತವರಾದ ತಿಕೋಟಾಕ್ಕೆ ಹೋದೆ.

ತಿಕೋಟಾದಲ್ಲಿ ನಮ್ಮ ಆಯಿ, ಅವ್ವನ ಅವ್ವ. ನನಗೆ ಮಾತು ಕಲಿಸಿದವಳು ಅವಳೇ, ಬಣ್ಣದ ಹೆಸರು ಕಲಿಸಿದವಳೂ ಅವಳೇ. ಪೆಟ್ಟಿಗೆಯ ಮೇಲೆ ಅಚ್ಚಾದ ಇಂಗ್ಲಿಷ್ ಹೆಸರು ಓದುವ ಎಷ್ಟೋ ಮೊದಲೇ ನಾನು ಅವಳ ಸೀರೆಗಳಿಂದ ಗಿಳಿಹಸಿರು, ದಾಳಿಂಬರ, ಕುಸುಬಿ, ಜಾಂಬಳಿ ಎಲ್ಲ ಕಲಿತಿದ್ದೆ. ಅವಳ ಲೆಕ್ಕದಲ್ಲಿ ಬರೀ ಹಸಿರು ಎನ್ನುವುದೇ ಇರಲಿಲ್ಲ. "ಯಾವ ಹಸರು? ಎಳೀ ಜ್ವಾಳದ್ದೋ, ಬೇವಿಂದೋ?" ಎಂದು ಕೇಳಿಯೇ ಮುಂದಿನ ಮಾತು.

ನಮ್ಮ ಕಡೆಯ ಪಂಚಮಿ ನಿಮಗೆ ಗೊತ್ತಿರಬಹುದು. ನಾಗಪ್ಪನ ಹಬ್ಬ, ನೇಮವೆಲ್ಲ ಹಿಂದಿನ ದಿನದಿಂದಲೇ ಶುರು. ಹೆಂಚು ಇಡುವಂತಿಲ್ಲ, ಆದ್ದರಿಂದ ರೊಟ್ಟಿಯೆಲ್ಲ ಮೊದಲೇ ಬಡಿದಿಟ್ಟಿರುತ್ತಾರೆ. ಹೆಚ್ಚುವಂತಿಲ್ಲ, ಕೊಯ್ಯುವಂತಿಲ್ಲ, ನೆಲ ಅಗೆಯುವಂತಿಲ್ಲ. ಎಲ್ಲಿಯಾದರೂ ನಾಗಪ್ಪನಿಗೆ ನೋವಾದೀತು ಎಂಬ ಕಾಳಜಿ. ಆಯಿಯ ಕಾಳಜಿ ಊರಿನವರಿಗಿಂತ ಒಂದು ತೂಕ ಹೆಚ್ಚು. ಹಬ್ಬ ಶುರುವಾಗುವ ಮೊದಲೇ ಮನೆಯ ಈಳಿಗೆ, ಕುಡುಗೋಲು, ಕತ್ತರಿ, ಸೂಜಿ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿ, ಮೇಲೆ ಅರಿವೆ ಮುಚ್ಚಿ, ಬುಟ್ಟಿಗೆ ಕುಂಕುಮ ಹಚ್ಚಿ ಅಟ್ಟಕ್ಕೆ ಏರಿಸಿಬಿಡುತ್ತಿದ್ದಳು. ಆ ಸಲ ನನ್ನ ಚೀಲದಲ್ಲಿ ಕೈಯಾಡಿಸಿ, ಕಡ್ಡಿಪೆಟ್ಟಿಗೆಯಲ್ಲಿ ಇಟ್ಟಿದ್ದ ಅಪ್ಪನ ಹಳೆಯ ಬ್ಲೇಡನ್ನೂ ಒಯ್ದಳು. ನಾನು ಪೆನ್ಸಿಲ್ ಹೆರೆಯುತ್ತಿದ್ದದ್ದು ಅದರಿಂದಲೇ. ಆಗ ನಾನೂ ತಲೆಕೆಡಿಸಿಕೊಳ್ಳಲಿಲ್ಲ. ದೇವರುಗಳೆಲ್ಲ ಸಿದ್ಧವಾಗಿ ಸುರುಳಿಯಲ್ಲಿ ಮಲಗಿದ್ದರಲ್ಲ.

ಪಂಚಮಿಯ ಹಿಂದಿನ ದಿನ ವಿಜಾಪುರದಿಂದ ಬಂದ ಬಸ್ಸಿನ ಕಂಡಕ್ಟರ್ ನಮ್ಮ ಮನೆ ಹುಡುಕಿಕೊಂಡು ಬಂದ. ಮುಲ್ಲಾ ಮಾಸ್ತರರು ಅವನ ಕೈಯಲ್ಲಿ ಹೇಳಿ ಕಳಿಸಿದ್ದರು. ಅವನು ಅಂಗಳದಲ್ಲಿ ನಿಂತು, ಮುಂದಿನ ನಿಲ್ದಾಣದ ಹೆಸರು ಕೂಗುವ ಧಾಟಿಯಲ್ಲೇ ಹೇಳಿದ: "ಬಬಲೇಶ್ವರದ ಸಾಲಿ ದೊಡ್ಡ ಅಕ್ಕೋರು ಭೆಟ್ಟಿ ಆಗಿದ್ರಂತ. ಕ್ಯಾಲೆಂಡರ್ ನೋಡಿ ತಗದದ್ದು ನಡಿಯೂದಿಲ್ಲಂತ. ಕಣ್ಣಿಂದ ನೋಡಿ ತಗದದ್ದು ಒಂದರ ಬೇಕಂತ. ಮಾಸ್ತರು ಖಡಕ್ಕಾಗಿ ಹೇಳ್ಯಾರ."

ಬಸ್ಸಿನಲ್ಲಿ ಬಂದವರೆಲ್ಲ ಅದನ್ನು ದಾರಿಯಲ್ಲೇ ಕೇಳಿಕೊಂಡು ಬಂದಿದ್ದರೆಂದು ಆಮೇಲೆ ತಿಳಿಯಿತು. ಹೊತ್ತು ಮುಳುಗುವುದರೊಳಗೆ ತಿಕೋಟಾದ ಅರ್ಧ ಓಣಿ ಬಂದು, ನನ್ನ ಚಿತ್ರಾ ತಗಿ, ನನ್ನ ಎಮ್ಮಿ ಚಿತ್ರಾ ತಗಿ ಎಂದು ಹೇಳಿಹೋಯಿತು. ನಾನು ಮಾತ್ರ ಪೆಟ್ಟಿಗೆ ತೆರೆದು ಕೂತು ಬೆವರುತ್ತಿದ್ದೆ. ಪೆನ್ಸಿಲ್ಲಿನ ಮೊನೆ ಬಸ್ಸಿನ ಕುಲುಕಾಟಕ್ಕೆ ಒಳಗೇ ಮುರಿದಿತ್ತು. ನೀಲಿ ಬಣ್ಣದ ಬಿಲ್ಲೆಯೂ ಖಾಲಿ. ಕೃಷ್ಣ ನೀಲಿ, ರಾಮ ನೀಲಿ, ಅವರ ಹಿಂದಿನ ಆಕಾಶವೂ ನೀಲಿ; ದೇವರುಗಳು ಸೇರಿ ನನ್ನ ನೀಲಿಯನ್ನು ಮುಗಿಸಿಬಿಟ್ಟಿದ್ದರು.

"ಆಯಿ, ನನ್ನ ಬ್ಲೇಡ ಕೊಡು."

"ಪಂಚಮಿ ಆದಮ್ಯಾಲ."

"ಪಂಚಮಿ ಮರುದಿನಾನ ಹೋಗಬೇಕು ನಾ. ನಸಿಕಿನ್ಯಾಗ ಬಸ್ಸು."

"ಹಂಗಾದ್ರ ಹೋಗಿ ಬಂದಮ್ಯಾಲ," ಎಂದಳು ಆಯಿ, ಉಂಡೆ ಕಟ್ಟುತ್ತಾ.

ನಾನು ಪೆನ್ಸಿಲ್ಲನ್ನು ಹಲ್ಲಿನಿಂದ ಕಚ್ಚಿ ನೋಡಿದೆ. ಕಟ್ಟಿಗೆ ಚೂರಾಗಿ ಬಾಯಿಗೆ ಬಂತೇ ಹೊರತು ಮೊನೆ ಬರಲಿಲ್ಲ. ಹಿತ್ತಲಿನ ಕಲ್ಲಿಗೆ ತಿಕ್ಕಲು ಹೋದೆ. ಆಯಿ ಒಳಗಿಂದಲೇ ಸಪ್ಪಳ ಕೇಳಿ, "ಏನ ಕೆರ್ಯಾಕತ್ತೀಬೇ ಅಲ್ಲಿ?" ಎಂದಳು. ಕೊನೆಗೆ ಎದುರುಮನೆಯವರಿಂದ ಹೆರೆದಿಟ್ಟಿದ್ದ ಪೆನ್ಸಿಲ್ ಕೇಳಿ ತಂದು, ಗೆದ್ದೆ ಎಂದುಕೊಂಡು ಕಾಗದದ ಮೇಲೆ ಮೊದಲನೆಯ ಚೌಕಳಿಯ ಗೆರೆ ಎಳೆದೆ. ಆಯಿ ಕೈ ತೊಳೆದು ಬಂದು ಪಕ್ಕದಲ್ಲಿ ಕೂತಳು. ಕಾಗದ ತಿರುವಿ ಹಾಕಿ, ಹಿಂದಿನಿಂದ ಬೆರಳಾಡಿಸಿ, ಗೆರೆಯ ಉಬ್ಬು ಹುಡುಕಿದಳು.

"ನೋಡಿಲ್ಲಿ. ಸಾಲ ಬಿದ್ದೈತಿ. ಇದು ರಂಟಿ ಹೊಡದಂಗ ಆತಲ್ಲ? ಪಂಚಮ್ಯಾಗ ರಂಟಿ ಹೊಡೀತಾರೇನ?"

ನಾನು ಅಳುವ ದನಿಯಲ್ಲಿ, "ಮತ್ತ ಚಿತ್ರಾ ಹೆಂಗ ತಗೀಲಿ ಆಯಿ? ಇದು ಆಗಲಿಲ್ಲಂದ್ರ ಅಪ್ಪ ಆ ಸುಣ್ಣದವರಿಗೆ ಮಾತು ಕೊಡ್ತಾನ," ಎಂದೆ.

ಆಯಿಗೆ ಆ ಮಾತು ತಾಗಿತು. ಆದರೆ ನಾಗಪ್ಪ ನಾಗಪ್ಪನೇ. ಪೆಟ್ಟಿಗೆಯೊಳಗಿನ ಕುಂಚವನ್ನು ಎತ್ತಿ, ಕೂದಲನ್ನು ತನ್ನ ಅಂಗೈಗೆ ತಾಗಿಸಿಕೊಂಡು, ಗಲ್ಲಕ್ಕೆ ತಾಗಿಸಿಕೊಂಡು, ಬಹಳ ಹೊತ್ತು ವಿಚಾರ ಮಾಡಿದಳು. ದೊಡ್ಡ ದೊಡ್ಡ ಶಾಸ್ತ್ರಿಗಳು ಅಷ್ಟು ವಿಚಾರ ಮಾಡುತ್ತಾರೋ ಇಲ್ಲವೋ.

"ಇದು ನಡೀತೈತಿ," ಎಂದಳು. "ಇದು ಚುಚ್ಚೂದಿಲ್ಲ, ಕೆರಿಯೂದಿಲ್ಲ. ಇದು ನೆಲಾ ಸಾರಸಿದಂಗ. ಸಾರಸಾಕ ಪಂಚಮಿ ಅಡ್ಡ ಬರೂದಿಲ್ಲ."

ಹೀಗೆ ನಮ್ಮ ಮನೆಯ ಮಟ್ಟಿಗೆ ಪೆನ್ಸಿಲ್ ನೆಲ ಉಳುವ ರಂಟೆಯಾಯಿತು, ಕುಂಚ ಸಗಣಿ ಸಾರಿಸುವ ಕೈಯಾಯಿತು. ನೀಲಿಯ ಚಿಂತೆಯನ್ನೂ ಅವಳೇ ಬಗೆಹರಿಸಿದಳು. ಧೋತರಕ್ಕೆ ಹಾಕುವ ನೀಲಿಯ ಪುಡಿಯನ್ನು ಬಚ್ಚಲದ ಗೂಡಿನಿಂದ ಚಿವುಟಿ ತಂದು ಒಂದು ಬಸಿಗೆ ಹಾಕಿದಳು. ಈಗ ನಮ್ಮ ಸೊಸೆಯ ಕೈಯಲ್ಲಿರುವುದು ಅದೇ ಬಸಿ.

ಪಂಚಮಿಯ ದಿನ ಮಧ್ಯಾಹ್ನ ಊರ ಹೊರಗಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಈಗ ತಿಕೋಟಾ ಎಂದರೆ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ. ಆಗ ಹಾಗಿರಲಿಲ್ಲ, ಮರದ ಆಚೆಗೆ ಯಾರದೋ ಒಂದು ಸಣ್ಣ ಹಂದರ, ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಶ್ರಾವಣದ ಮೋಡ ಕೆಳಗಿಳಿದು ನಿಂತಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಇಬ್ಬಿಬ್ಬರು ಎದುರುಬದುರು ನಿಂತು ಜೀಕುತ್ತಿದ್ದರು. ನಾನು ಗೋಣಿಚೀಲ ಹಾಸಿಕೊಂಡು, ಮೊಣಕಾಲ ಮೇಲೆ ಫಳಿ, ಫಳಿಯ ಮೇಲೆ ಕಾಗದ ಇಟ್ಟುಕೊಂಡು ಕೂತೆ. ಆಯಿ ನನ್ನ ಕಾವಲಿಗೆ. ನಾಗಪ್ಪನ ಕಾವಲಿಗೆ ಎಂದರೂ ತಪ್ಪಿಲ್ಲ.

ಬಿಳಿಯ ಕಾಗದ ಎಂದರೆ ಏನು ಎಂದು ನನಗೆ ಅವತ್ತೇ ಗೊತ್ತಾದದ್ದು. ಚೌಕಳಿ ಹಾಕಿದ ಕಾಗದ ಓಣಿಯ ಹಾಗೆ. ಯಾರ ಮನೆ ಎಲ್ಲಿ ಎಂದು ತಿಳಿಯುತ್ತದೆ. ಇದು ಬಯಲು. ಕುಂಚಕ್ಕೆ ಬಣ್ಣ ತುಂಬಿಕೊಂಡೆ, ಕಾಗದದ ಹತ್ತಿರ ಒಯ್ದೆ, ಹಿಂದೆ ತಂದೆ. ಮತ್ತೆ ಒಯ್ದೆ, ಮತ್ತೆ ತಂದೆ. ಹುಡುಗಿಯರು ನಿಲ್ಲುತ್ತಲೇ ಇಲ್ಲ. ಮೇಲೆ ಹೋದಾಗ ಒಂದು ಆಕಾರ, ಕೆಳಗೆ ಬಂದಾಗ ಒಂದು ಆಕಾರ. ಯಾವ ಚೌಕದಲ್ಲಿ ಹಿಡಿಯಲಿ ಇವರನ್ನು?

"ಸಂಡಿಗಿ ಒಣಗಸಾಕ ಬಂದೀಯೇನ?" ಎಂದಳು ಆಯಿ. "ಹಸಿ ಆರಿ ಹೋಗಾಕತ್ತೈತಿ. ಹಚ್ಚಬಾರದ?"

ಅದೇ ಹೊತ್ತಿಗೆ ತುಂತುರು ಬಂತು. ಕಾಗದದ ಮೇಲೆ ಅಲ್ಲಲ್ಲಿ ಹನಿ ಬಿತ್ತು. ಇನ್ನು ಕಾಗದ ಹಾಳಾದಂತೆಯೇ ಎಂದು ತಿಳಿದ ಮೇಲೆ ಹೆದರಿಕೆ ಯಾತಕ್ಕೆ? ಬಸಿಯೊಳಗಿನ ಧೋತರದ ನೀಲಿಯನ್ನು ಕುಂಚ ತುಂಬ ಎತ್ತಿ ಈ ಅಂಚಿನಿಂದ ಆ ಅಂಚಿಗೆ ಸಾರಿಸಿಬಿಟ್ಟೆ. ನಿಜವಾಗಿಯೂ ನೆಲ ಸಾರಿಸುವ ಹಾಗೆ, ಮೊಣಕೈಯಿಂದ. ನೀಲಿ ಹೋಗಿ ಮಳೆಹನಿಯನ್ನು ಮುಟ್ಟಿದಲ್ಲಿ ತಾನೇ ಸರಿದು ಬೆಳ್ಳಗಾಗಿ, ಅಂಚಿನಲ್ಲಿ ದಟ್ಟವಾಗಿ ನಿಂತಿತು. ಒರೆಸಲು ಕೈ ಹೋಯಿತು. ಮುಲ್ಲಾ ಮಾಸ್ತರರ ಮಾತು ನೆನಪಾಗಿ ತಡೆದೆ. ಎಲ್ಲಿ ಹೋಗುತ್ತದೋ ನೋಡಿದೆ. ಅದು ಮೋಡವಾಯಿತು. ನಾನು ಮಾಡಿದ್ದಲ್ಲ, ತಾನೇ ಆದದ್ದು. ತಲೆಯೆತ್ತಿ ನೋಡಿದರೆ ಮೇಲೂ ಅಂಥದೇ ಇತ್ತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಬೇವಿನ ಹಸಿರು ಹಚ್ಚಿದೆ. ಅದು ಹಸಿ ಮೋಡದೊಳಕ್ಕೆ ಸ್ವಲ್ಪ ನುಗ್ಗಿತು, ನುಗ್ಗಲಿ ಎಂದು ಬಿಟ್ಟೆ. ಹಂದರಕ್ಕೆ ಒಂದು ಕಪ್ಪನೆಯ ಎಳೆತ. ಹಗ್ಗ ಒಂದೇ ಬೀಸಿಗೆ. ಜೋಕಾಲಿ ಮೇಲೇರಿದ ಕ್ಷಣಕ್ಕೆ ಕುಂಚದ ಹೊಟ್ಟೆಯನ್ನು ಕಾಗದಕ್ಕೆ ಒತ್ತಿ ಎಳೆದೆ. ದಾಳಿಂಬರ ಬಣ್ಣದ ಸೀರೆಯೊಂದು ಹಾರಿತು. ಕೈ ಮುಂದೆ, ನಾನು ಹಿಂದೆ. ಚೌಕಳಿಯಲ್ಲಿ ಕೂತಾಗ ಯಾವಾಗಲೂ ನೋಯುತ್ತಿದ್ದ ಬೆನ್ನು ಅವತ್ತು ನೋಯಲಿಲ್ಲ ಎನ್ನುವುದೊಂದು ಮಾತ್ರ ಚೆನ್ನಾಗಿ ನೆನಪಿದೆ.

ಆಯಿ ಮುಖವಿಲ್ಲದ ಆ ಹುಡುಗಿಯನ್ನು ನೋಡಿ, "ಆ ಮಾರಿ ಯಾರದು?" ಎಂದಳು.

"ಮಾರಿ ತಗದಿಲ್ಲ ಆಯಿ."

"ಅಲ್ಲಲೇ, ಸೀರಿ ನೋಡಿದ್ರ ಗೊತ್ತಾಗವಲ್ದನು? ನಮ್ಮ ಓಣ್ಯಾನಕಿನ ಅಕಿ. ಹಂಗ ಜೀಕಾಕಿ ಅಕಿ ಒಬ್ಬಾಕಿ," ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡು, ಶೇಂಗಾ ಉಂಡೆ ಬಾಯಿಗೆ ಹಾಕಿಕೊಂಡಳು.

ಮರುದಿನ ನಸುಕಿನ ಬಸ್ಸಿಗೆ ವಿಜಾಪುರಕ್ಕೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಇಸ್ತ್ರಿ ಕೋಟು ತೊಟ್ಟು ನಿಂತಿದ್ದ. ಬಬಲೇಶ್ವರದ ಬಸ್ಸು ಹತ್ತಿ ಕೂತ ಮೇಲೆ ಚಿತ್ರ ಬಿಚ್ಚಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿ ನೋಡಿದ, ಕನ್ನಡಕ ತೆಗೆದು ನೋಡಿದ.

"ಚೌಕಳಿ ಅಳಸೀಯೋ, ಹಾಕೇ ಇಲ್ಲೋ?"

"ಹಾಕೇ ಇಲ್ಲಪ್ಪ."

"ಇದು ತೋರಸಬ್ಯಾಡ. ಅರ್ಧಾ ತಗದು ತಂದಾಳ ಅಂತಾರ," ಎಂದು ತಾನೇ ಸುರುಳಿ ಸುತ್ತಿ ದೇವರುಗಳ ಒಳಗೆ ಸೇರಿಸಿಟ್ಟ. ಕಿಟಕಿಯ ಹೊರಗೆ ಎರೆಹೊಲಗಳು ಹಸಿಯಾಗಿ ಕಪ್ಪಗೆ ಮಲಗಿದ್ದವು. ನನಗೆ ಮಾತ್ರ ಅವೆಲ್ಲ ಸುಣ್ಣ ಹಚ್ಚಿದ ಹಾಗೆ ಕಾಣುತ್ತಿದ್ದವು.

ಸಾಲೆಯ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಕಮಿಟಿಯ ಹಿರಿಯರಾದ ಗೌಡರು, ದೊಡ್ಡ ರುಮಾಲು. ಇನ್ನೊಬ್ಬರು ದೊಡ್ಡ ಅಕ್ಕೋರು, ಅಂದರೆ ಹೆಡ್‌ಮಿಸ್ಟ್ರೆಸ್ಸು, ಬಿಳಿಯ ಸೀರೆ, ದಪ್ಪ ಕನ್ನಡಕ. ನಾನು ರಾಮನನ್ನು ಬಿಚ್ಚಿದ ಕೂಡಲೆ ಗೌಡರು ಕಾಲಲ್ಲಿದ್ದ ಕೆರ ಕಳಚಿ ಕೈಮುಗಿದರು. ಲಕ್ಷ್ಮಿಗೂ ಕೈಮುಗಿದರು. ಕೃಷ್ಣನನ್ನು ಕಣ್ಣಿಗೆ ಒತ್ತಿಕೊಂಡರು; ಸದ್ಯ, ಬೆಳಕಿಗೆ ಹಿಡಿಯಲಿಲ್ಲ.

ಅಕ್ಕೋರು ನಗುತ್ತಾ, "ದೇವರಿಗೆ ಮಾರ್ಕ್ಸ್ ಹಾಕಾಕ ನಮಗ ಹೆಂಗ ಬರಬೇಕ್ರಿ?" ಎಂದರು. "ಕಣ್ಣಿಂದ ನೋಡಿ ತಗದದ್ದು ಐತೇನು?"

"ಐತ್ರಿ, ಆದ್ರ ಅದು ಇನ್ನೂ..." ಎಂದು ಅಪ್ಪ ಬಾಯಿ ತೆರೆದ.

ನಾನು ಸುರುಳಿಯ ಒಳಗಿನಿಂದ ಜೋಕಾಲಿಯನ್ನು ಎಳೆದು ಮೇಜಿನ ಮೇಲೆ ಹಾಸಿದೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಗೌಡರು ಬಗ್ಗಿ ನೋಡಿದರು.

"ಈ ಹುಡಗಿಗಿ ಮಾರಿ ಎಲ್ಲೈತಿ?"

"ಜೋಕಾಲಿ ಜೋರಿತ್ರಿ. ಮಾರಿ ಕಾಣಲಿಲ್ರಿ."

"ಹೂಂ. ಪೆನ್ಸಿಲ್ಲಿನ ಗೆರಿ ಒಂದೂ ಇಲ್ಲಲ್ಲ?"

"ಪಂಚಮಿ ಇತ್ರಿ. ನಮ್ಮ ಆಯಿ ಹೆರೀಗೊಡಲಿಲ್ರಿ."

ಗೌಡರು ನೆಟ್ಟಗೆ ಕೂತರು. ಮುಖದಲ್ಲಿ ಬೆಳಕು ಬಂತು. "ಕೇಳಿದ್ರಿಲ್ಲೋ ಅಕ್ಕೋರ? ನೌಕರಿ ಬಂದ್ರೂ ಹಬ್ಬದ ನೇಮ ಬಿಟ್ಟಿಲ್ಲ. ನಮ್ಮ ಹುಡಗ್ಯಾರಿಗಿ ಕಲಸಾಕ ಇಂಥಾಕಿನ ಬೇಕು. ಇನ್ನ ನೋಡೂದೇನೈತಿ?"

ನನಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದ ಹಾಗಾಯಿತು. ಅರ್ಧವೇ. ನಾನು ಚಿತ್ರ ತೋರಿಸಿದ್ದಕ್ಕೆ ಅವರು ಮಾರ್ಕ್ಸ್ ಕೊಟ್ಟದ್ದು ಆಯಿಗೆ. ಅಕ್ಕೋರಿಗೂ ಹಾಗೇ ಅನ್ನಿಸಿರಬೇಕು.

"ಅದು ಖರೇರಿ ಗೌಡ್ರ. ಆದ್ರ ಪಂಚಮಿ ವರ್ಷಕ್ಕ ಒಮ್ಮೆ ಬರತೈತಿ, ಸಾಲಿ ದಿನಾ ಇರತೈತಿ," ಎಂದು ಎದ್ದು ಹೋಗಿ, ಒಂದು ಬಿಳಿ ಕಾಗದ, ಚೂಪಾಗಿ ಹೆರೆದ ಪೆನ್ಸಿಲ್, ಹೊಸ ರಬ್ಬರು, ಪಟ್ಟಿ ತಂದು ನನ್ನ ಮುಂದೆ ಇಟ್ಟರು. "ಇವತ್ತ ಹಬ್ಬ ಮುಗದೈತಿ. ಕಿಟಕ್ಯಾಗಿಂದ ಕಾಣೂದು ತಗೀರಿ ನೋಡೂಣು. ನಿಮಗ ಹೆಂಗ ಬೇಕೋ ಹಂಗ."

ಕಿಟಕಿಯ ಹೊರಗೆ ಸಂತೆಯ ಬಯಲು. ಹಿಂದಿನ ದಿನದ ಮಳೆಗೆ ನಡುವೆ ನೀರು ನಿಂತಿತ್ತು. ನೀರಿನ ದಂಡೆಗೆ ಒಂದು ಜೀಪು; ಒಳಗೆ ಹಿಡಿಯದವರು ಹಿಂದೆ ಜೋತುಬಿದ್ದಿದ್ದರು. ಅಪ್ಪ ನನ್ನ ಹಿಂದೆಯೇ ನಿಂತು, ಬೇರೆಯವರಿಗೆ ಕೇಳದ ಹಾಗೆ, "ಚೌಕಳಿ ಹಾಕು, ಚೌಕಳಿ ಹಾಕು," ಎಂದು ಜಪ ಮಾಡುತ್ತಿದ್ದ. ಪೆನ್ಸಿಲ್ ಕೈಗೆ ತಗೊಂಡೆ. ಎಂಥಾ ಪೆನ್ಸಿಲ್ ಅದು, ಅಷ್ಟು ಚಂದದ ಮೊನೆ ನನಗೆಂದೂ ಬಂದಿರಲಿಲ್ಲ. ಆದರೆ ಮೊನೆಯನ್ನು ಕಾಗದಕ್ಕೆ ಊರಿದ ಕೂಡಲೆ ಇನ್ನೊಂದು ಕೈ ತಾನಾಗಿಯೇ ರಬ್ಬರಿನ ಕಡೆ ಹೋಯಿತು. ಗೆರೆ ಎಳೆದರೆ ಅದನ್ನು ಅಳಿಸಬೇಕು, ಅಳಿಸಿದರೆ ಮತ್ತೆ ಎಳೆಯಬೇಕು. ಕೃಷ್ಣನ ಮೂಗು ನೆನಪಾಯಿತು.

ಪೆನ್ಸಿಲ್ಲನ್ನು ಕಾಗದದ ಆಚೆಗೆ ಇಟ್ಟೆ. ಚೀಲದಲ್ಲಿ ಅರಿವೆ ಸುತ್ತಿದ್ದ ಆಯಿಯ ಬಸಿ ತೆಗೆದೆ. ಅದರ ತಗ್ಗಿನಲ್ಲಿ ಹಿಂದಿನ ದಿನದ ನೀಲಿ ಒಣಗಿ ಕೂತಿತ್ತು. ಸಾಲೆಯ ಹರವಿಯಿಂದ ನೀರು ತಂದು ಹಾಕಿದೆ. ಹಿಂದೆ ಅಪ್ಪನ ಜಪ ನಿಂತಿತು.

ನೀಲಿ ಅರ್ಧ ಕಾಗದಕ್ಕೆ ಇಳಿಯುವಷ್ಟರಲ್ಲಿ ಜೀಪು ಗರ್ರೆಂದು ಶುರುವಾಗಿ, ಹೊಗೆ ಬಿಟ್ಟು, ನೀರು ಹಾರಿಸಿ ಹೊರಟೇ ಹೋಯಿತು.

"ಜೀಪು ಹೋತಲ್ಲವ್ವಾ," ಎಂದರು ಗೌಡರು, ತಮ್ಮದೇ ಜೀಪು ಹೋದಷ್ಟು ಮರುಗಿ. "ಇನ್ನೇನ ನೋಡಿ ತಗೀತಿ?"

"ಹೋದದ್ದನ್ನ ತಗೀತೇನ್ರಿ," ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಂತ ನೀರಿಗೆ ಕಾಗದದ ಬಿಳಿಯನ್ನೇ ಬಿಟ್ಟೆ. ಎರೆಮಣ್ಣನ್ನು ಅದರ ಸುತ್ತ ಹರಿಯಬಿಟ್ಟೆ. ಹಾರಿದ ಕೆಸರಿಗೆ ಕುಂಚ ಕೊಡವಿದೆ. ಒಂದು ಹನಿ ಗೌಡರ ಅಂಗಿಯ ತೋಳಿಗೂ ಸಿಡಿಯಿತು, ಅವರು ನೋಡಲಿಲ್ಲ. ಬಲಗಡೆಯ ಅಂಚಿನಲ್ಲಿ ಕಾಗದದಿಂದ ಹೊರಗೆ ಹೋಗುತ್ತಿರುವ ಒಂದು ಕಪ್ಪು, ಅದರ ಹಿಂದೆ ತೇಲುತ್ತಿರುವ ಹೊಗೆ. ಅಷ್ಟೇ. ಕುಂಚ ಎತ್ತಿದೆ.

ಅಕ್ಕೋರು ಕನ್ನಡಕದ ಮೇಲಿಂದ ನೋಡುತ್ತಾ, "ಮುಗೀತೇನು?" ಎಂದರು.

ನೋಡಿ, ಅಲ್ಲಿಯವರೆಗೆ ನನ್ನ ಯಾವ ಚಿತ್ರವೂ ಮುಗಿದದ್ದೇ ಇಲ್ಲ. ರಬ್ಬರು ಇರುವವರೆಗೆ ಯಾವುದೂ ಮುಗಿಯುವುದಿಲ್ಲ. ರಾಮನನ್ನು ಗೋಡೆಗೆ ಹಾಕಿದ ಮೇಲೂ ಅವನ ಬಲಗಿವಿ ದೊಡ್ಡದಾಯಿತೇನೋ ಎಂದು ಊಟ ಮಾಡುತ್ತಾ ನೋಡುತ್ತಿದ್ದವಳು ನಾನು.

"ಮುಗೀತ್ರಿ," ಎಂದೆ.

ಅಕ್ಕೋರು ಪೆನ್ಸಿಲ್ಲನ್ನು ಎತ್ತಿ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. "ಸೋಮವಾರ ಬರ್ರಿ. ಆ ಬಸಿ ಮರೀಬ್ಯಾಡ್ರಿ," ಎಂದರು.

ಸಾಲೆಯ ಮೆಟ್ಟಿಲ ಮೇಲೆ ಬಂದು ಕೂತ ಮೇಲೆ ನನಗೆ ಹಸಿವು ಎಂದರೆ ಹಸಿವು. ಆಯಿ ಕಟ್ಟಿಕೊಟ್ಟ ಗಂಟು ಬಿಚ್ಚಿ ಅಪ್ಪನೂ ನಾನೂ ಉಂಡೆ ತಿಂದೆವು. ಅಪ್ಪ ಎರಡನೆಯ ಉಂಡೆಗೆ ಕೈ ಹಾಕಿದ. "ನೀಲಿ ಖಾಲಿ ಆಗಿತ್ತಲ್ಲ ನಿನ್ನದು, ಎಲ್ಲಿಂದ ತಂದಿ?" ಎಂದು ಕೇಳಿದ.

"ಆಯಿ ಕೊಟ್ಲು. ಧೋತರಕ್ಕ ಹಾಕೂದು."

ಅಪ್ಪ ತಾನು ಉಟ್ಟಿದ್ದ ಧೋತರದ ಅಂಚನ್ನು ಎತ್ತಿ ನೋಡಿಕೊಂಡ. ಮತ್ತೆ ಬಯಲಿನ ಮೇಲಿನ ಮೋಡ ನೋಡಿದ. ನಗು ಅವನ ಹೊಟ್ಟೆಯಲ್ಲಿ ಶುರುವಾಗಿ ಭುಜಕ್ಕೆ ಬಂತು, ಉಂಡೆಯ ಪುಡಿ ಕೋಟಿನ ಮೇಲೆಲ್ಲ ಉದುರಿತು. ಅವತ್ತೇ ಸಂಜೆ ಹೋಗಿ, ಹುಡುಗಿ ನೌಕರಿಗೆ ಹೊಂಟಾಳ ಎಂದು ಆ ಸುಣ್ಣದ ಮನೆಯವರಿಗೆ ಹೇಳಿ ಬಂದ. ಅವರು ಮುನಿಸಿಕೊಳ್ಳಲೂ ಇಲ್ಲ. ಅವರ ಗೋಡೆಗಳೂ ನಿಟ್ಟುಸಿರು ಬಿಟ್ಟಿರಬೇಕು.

ದೀಪಾವಳಿಗೆ ಮೊದಲ ಸಲ ಸಾಲೆಗೆ ಸೂಟಿ ಸಿಕ್ಕು ತಿಕೋಟಾಕ್ಕೆ ಹೋದೆ. ಅಪ್ಪ ಆ ಕಡೆಯವರಿಗೆ ಮಾತು ಕೊಡಬೇಕಾಗಿದ್ದ ಅದೇ ದೀಪಾವಳಿ. ಕೈಕಾಲು ತೊಳೆದು ಒಳಗೆ ಬಂದರೆ ಆಯಿ ಸೆರಗಿನ ಗಂಟಿನಿಂದ ಒಂದು ಕಡ್ಡಿಪೆಟ್ಟಿಗೆ ಬಿಚ್ಚಿ ನನ್ನ ಮುಂದೆ ಹಿಡಿದಳು.

"ತಗೊ, ನಿನ್ನ ಬ್ಲೇಡ. ಬುಟ್ಟ್ಯಾಗ ಉಳದ ಹೋಗಿತ್ತು. ಮಳಿ ನೀರು ಸೋರಿ ಜಂಗ ತಿಂದೈತಿ. ಇಷ್ಟ ದಿನಾ ಹೆಂಗ ಮಾಡಿದೀಬೇ? ನೀನರ ಒಂದ ಮಾತು ಹೇಳಿ ಕಳಸಬಾರದ?"

ನಾನು ಕಡ್ಡಿಪೆಟ್ಟಿಗೆ ಕೈಗೆ ತಗೊಂಡೆ. ಇಷ್ಟು ದಿನ ಹೇಗೆ ಮಾಡಿದೆ? ಬಬಲೇಶ್ವರದ ಹುಡುಗಿಯರಿಗೆ ಸಾರಿಸುವುದು ಕಲಿಸುತ್ತಾ, ಅವರ ಮೋಡ ಎಲ್ಲೆಲ್ಲಿ ಹೋಗುತ್ತದೋ ನೋಡುತ್ತಾ ಕೂತವಳಿಗೆ ಬ್ಲೇಡು ತಿಕೋಟಾದಲ್ಲಿ ಉಳಿದಿದೆ ಎನ್ನುವುದು ಒಂದು ದಿನವೂ ನೆನಪಾಗಿರಲಿಲ್ಲ.

"ಒಗದ ಬಿಡು ಅತ್ತಾಗ," ಎಂದಳು ಆಯಿ.

ಪೆಟ್ಟಿಗೆ ತೆರೆದೆ. ಬ್ಲೇಡಿನ ಮೇಲೆ ತುಕ್ಕು ಪುಡಿಪುಡಿಯಾಗಿ ಎದ್ದಿತ್ತು. ಹೊಸ ಇಟ್ಟಂಗಿಯ ಬಣ್ಣವೂ ಅಲ್ಲ, ಹಳೆಯ ಹೆಂಚಿನ ಬಣ್ಣವೂ ಅಲ್ಲ, ಎರಡರ ನಡುವೆ.

"ತಡಿ ಆಯಿ," ಎಂದು ಚೀಲದಿಂದ ಬಸಿ ತೆಗೆದು, ನೀಲಿಯ ಪಕ್ಕದಲ್ಲಿ ಆ ಪುಡಿಯನ್ನು ಕೊಡವಿ, ಎರಡು ಹನಿ ನೀರು ಬಿಟ್ಟೆ.